ಕೊಬ್ಬರಿ ಅಂಗಳದಲ್ಲಿ ಬಿಚ್ಚಿಟ್ಟ ಗಾಜು

ಅತ್ತೆಯ ಒಳ್ಳೆಯ ಲೆನ್ಸ್ ಹಾಳಾದದ್ದು ನನ್ನ ಬಾಯಿಂದ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಲೆನ್ಸಿನ ಮುಂದೆ ಕಾವಲಿಗೆಂದು ತಿರುಗಿಸಿ ಕೂರಿಸುವ ಫಿಲ್ಟರ್ ಗಾಜನ್ನು ತೆಗೆ ತೆಗೆ ಎಂದು ನಾನು ತಿಂಗಳುಗಟ್ಟಲೆ ತಲೆ ತಿಂದೆ. ಅತ್ತೆ ಒಂದೇ ಒಂದು ದಿನ ತೆಗೆದಳು. ಅದೇ ದಿನ ಕೊಬ್ಬರಿ ಅಂಗಳದಲ್ಲಿ ಕರಟದ ಚೂರು ಸಿಡಿದು ಲೆನ್ಸಿನ ಮುಖಕ್ಕೆ ಬಡಿಯಿತು. ಮದುವೆ ಮನೆ, ತಿಥಿ ಮನೆ ಎಲ್ಲ ಕಡೆ ಈ ಕತೆ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಹೋದ ತಿಂಗಳು ಮಾಯಸಂದ್ರದ ದೊಡ್ಡಮ್ಮ ಪಂಕ್ತಿಯಲ್ಲಿ ಅನ್ನ ಬಡಿಸುತ್ತಲೇ ಕೇಳಿದರು: "ಏನೇ, ಈಗ್ಲಾದ್ರೂ ಬಾಯಿಗೊಂದು ಫಿಲ್ಟರ್ ಹಾಕ್ಸಿದ್ಯಾ?"

ಈ ಕತೆಯಲ್ಲಿ ನಾನು ತಲೆ ತಿಂದದ್ದು, ಅತ್ತೆ ಗಾಜು ತೆಗೆದದ್ದು ನಿಜ. ಚೂರು ಬಡಿದದ್ದು ಸುಳ್ಳು. ಅದು ಸುಳ್ಳೆಂದು ತೋರಿಸುವುದು ನನಗೆ ಕಷ್ಟವಲ್ಲ. ತೋರಿಸಿದರೆ ಇನ್ನೊಬ್ಬರ ಕೆಲಸ ಹೋಗುತ್ತದೆ, ಕಷ್ಟ ಅದು. ಅದಕ್ಕೇ ಆ ಅಂಗಳ ಯಾವ ಊರಿನದು, ಯಾರದು ಎಂದು ಇಲ್ಲಿ ಹೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ಅಂಥ ಅಂಗಳಗಳು ಬೇಕಾದಷ್ಟಿವೆ. ಹುಡುಕಿಕೊಂಡು ಹೋಗುವವರು ಹೋಗಲಿ.

ನಾನು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಓಡಾಡಿದವಳು. ಚೀಟಿಯಲ್ಲಿ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಎರಡನ್ನೂ ಅಷ್ಟೇ ಹುರುಪಿನಿಂದ ಮಾತಾಡಿ ಪದಕ ತಂದಿದ್ದೇನೆ. ಅದರಿಂದ ಅಂಟಿದ ರೋಗವೆಂದರೆ, ಯಾರು ಏನು ಹೇಳಿದರೂ 'ಪುರಾವೆ ಏನು?' ಎಂದು ಕೇಳುವುದು. ಡಿಗ್ರಿ ಮುಗಿದ ಮೇಲೆ ತುರುವೇಕೆರೆಯಲ್ಲಿರುವ ಅತ್ತೆಯ ಸ್ಟುಡಿಯೋದಲ್ಲಿ ಕೂತೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮಾವ ಫ್ಲೆಕ್ಸ್ ಪ್ರಿಂಟಿಂಗ್ ಕಡೆ ಹೊರಳಿದ ಮೇಲೆ ಕ್ಯಾಮೆರಾ ಪೂರ್ತಿ ಅವಳ ಕೈಗೆ ಬಂತು. ಪಾಸ್‌ಪೋರ್ಟ್ ಸೈಜ್ ಫೋಟೋ, ಶಾಲೆಯ ಗ್ರೂಪ್ ಫೋಟೋ, ನಾಮಕರಣ, ಗೃಹಪ್ರವೇಶ ಎಲ್ಲ ಅವಳೇ. ಅವಳ ಹತ್ತಿರ ಒಂದು ಸಣ್ಣ ಲೆನ್ಸ್ ಇತ್ತು, ಒಂದು ದೊಡ್ಡದು. ದೊಡ್ಡದೇ ಒಳ್ಳೆಯದು. ಅದರ ಮೇಲಿನ ಫಿಲ್ಟರನ್ನು ಅವಳು ತಾಳಿಯಷ್ಟೇ ನಿಷ್ಠೆಯಿಂದ ಕಾಪಾಡಿಕೊಂಡಿದ್ದಳು.

ಜಗಳ ಶುರುವಾದದ್ದು ನನ್ನ ಮೊದಲ ವಾರದಲ್ಲೇ.

"ಅತ್ತೆ, ಇಷ್ಟು ಒಳ್ಳೇ ಗಾಜಿನ ಮುಂದೆ ಆ ಅಗ್ಗದ ಗಾಜು ಯಾಕೆ?"

"ಕಾಯಿ ವರ್ಷಗಟ್ಲೆ ಅಟ್ಟದ ಮೇಲೆ ಕೆಡದಂಗೆ ಇರ್ತದಲ್ಲ, ಯಾಕೆ ಹೇಳು? ಮಟ್ಟೆ ಇರೋದಕ್ಕೆ. ಸುಲ್ದು ಅಟ್ಟಕ್ಕಾಕೋ ದಡ್ಡರು ನಮ್ಮ ಸೀಮೇಲಿ ಯಾರವ್ರೆ?"

"ತಿನ್ನೋವಾಗ ಮಟ್ಟೆ ಸಮೇತ ತಿಂತೀಯಾ? ಫೋಟೋ ತೆಗೆಯೋದು ತಿನ್ನೋ ಹೊತ್ತು, ಅಟ್ಟದ ಹೊತ್ತಲ್ಲ."

"ನಿಂಗೆ ಮೇಷ್ಟ್ರು ಮಾತು ಕಲ್ಸಿದ್ರು, ಕೇಳೋದು ಕಲ್ಸಿಲ್ಲ ಬುಡು."

ಅತ್ತೆಯ ಹತ್ತಿರ ಒಂದು ಬಲವಾದ ಸಾಕ್ಷಿಯೂ ಇತ್ತು. ಹಿಂದೊಮ್ಮೆ ನೊಣವಿನಕೆರೆಯಲ್ಲಿ ಬಸ್ ಇಳಿಯುವಾಗ ಕ್ಯಾಮೆರಾ ಕೈಜಾರಿ ಮುಖ ಅಡಿಯಾಗಿ ಬಿದ್ದಿತ್ತು. ಫಿಲ್ಟರ್ ಚೂರಾಯಿತು, ಲೆನ್ಸಿಗೆ ಏನೂ ಆಗಲಿಲ್ಲ. 'ಅದು ಸತ್ತು ಇದನ್ನ ಉಳಿಸ್ತು' ಎಂದು ಅತ್ತೆ ಹೇಳುವಾಗ ತೀರಿಕೊಂಡ ನೆಂಟರ ಮಾತಾಡಿದ ಹಾಗಿರುತ್ತಿತ್ತು. ನಾನು ಅಷ್ಟಕ್ಕೆಲ್ಲ ಕರಗುವವಳಲ್ಲ. ಜೇಬಿನಲ್ಲಿ ಮೊಟ್ಟೆ ಇಟ್ಟುಕೊಂಡು ಬಿದ್ದವನು, 'ಮೊಟ್ಟೆ ಒಡೆದು ನನ್ನ ಸೊಂಟ ಉಳಿಸಿತು' ಎಂದರೆ ಒಪ್ಪುತ್ತೀಯಾ ಎಂದು ಕೇಳಿದೆ. ಫಿಲ್ಟರ್ ತೆಳುವಾದ ಗಾಜು, ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಅದು ಒಡೆಯಿತು ಎಂಬುದರಿಂದ ಲೆನ್ಸೂ ಒಡೆಯುತ್ತಿತ್ತು ಎಂದು ಹೇಗೆ ಗೊತ್ತು? ಮೊಟ್ಟೆಯ ಮಾತು ಕೇಳಿ ಮಾವ ಒಳಗಿನಿಂದ ನಕ್ಕರು, ಆಮೇಲೆ ಆ ನಗುವಿಗೆ ಊಟದ ಹೊತ್ತಿನಲ್ಲಿ ದಂಡ ತೆತ್ತರು.

ಇನ್ನೊಂದು ದಿನ ನಾನು ನನ್ನ ಹಣೆಯ ಸ್ಟಿಕರ್ ಬೊಟ್ಟು ಕಿತ್ತು, ಫಿಲ್ಟರ್ ತೆಗೆದ ದೊಡ್ಡ ಲೆನ್ಸಿನ ಗಾಜಿನ ಅಂಚಿಗೆ ಅಂಟಿಸಿ, ಪಾಸ್‌ಪೋರ್ಟ್ ಫೋಟೋಗೆ ಬಂದ ಒಬ್ಬ ಮೇಷ್ಟರ ಮುಖ ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅತ್ತೆಯನ್ನು ಕರೆದೆ. ಬೊಟ್ಟಿನ ಗುರುತು ಎಲ್ಲೂ ಇಲ್ಲ. "ಬೊಟ್ಟೇ ಕಾಣದಿದ್ದ ಮೇಲೆ ಒಂದು ಗೀರು ಬಿದ್ದರೆ ಏನಾಗ್ತದೆ ಹೇಳು." ಅತ್ತೆ ಬೊಟ್ಟಿಟ್ಟ ಲೆನ್ಸ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುತ್ತೈದೆ ಮಾಡಿದ್ದೀಯಲ್ಲೇ ಇದನ್ನ!" ನಗು ಮುಗಿದ ಮೇಲೆ ಮುಳ್ಳು ತೆಗೆಯುವಷ್ಟು ನಾಜೂಕಾಗಿ ಬೊಟ್ಟು ತೆಗೆದು, ಒರೆಸಿ, ಫಿಲ್ಟರ್ ತಿರುಗಿಸಿ ಕೂರಿಸಿದಳು.

ನನ್ನ ಗಟ್ಟಿ ಪುರಾವೆ ಸಿಕ್ಕಿದ್ದು ಹಾಲ್ಕುರಿಕೆಯ ಒಂದು ನಾಮಕರಣದಲ್ಲಿ. ತೊಟ್ಟಿಲ ಮುಂದೆ ದೀಪ, ಅದರ ಎದುರಿಗೆ ಕ್ಯಾಮೆರಾ. ಫೋಟೋದಲ್ಲಿ ಮಗುವಿನ ಹಣೆಯ ಮೇಲೆ ಹಸಿರು ಬಣ್ಣದ ಒಂದು ಬೆಳಕಿನ ಚುಕ್ಕಿ, ತಲೆಕೆಳಗಾದ ದೀಪದ ಹಾಗೆ. ದೀಪದ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ವಾಪಸ್ಸು ಆಡುವ ಆಟ ಅದು. ಫಿಲ್ಟರ್ ತೆಗೆದರೆ ಇರುವುದಿಲ್ಲ. ಫೋಟೋ ಕೊಡಲು ಹೋದಾಗ ಆ ಮನೆಯವರ ಮುಂದೆಯೇ ಅತ್ತೆಗೆ ಪಾಠ ಮಾಡಬೇಕೆಂದು ನಾನು ತಯಾರಾಗಿ ಹೋಗಿದ್ದೆ. ಮಗುವಿನ ಅಜ್ಜಿ ಫೋಟೋ ನೋಡಿದವರೇ ಕಣ್ಣಿಗೆ ಒತ್ತಿಕೊಂಡರು. "ನೋಡ್ರೋ, ಅಮ್ನೋರು ಕೂಸಿನ್ ಹಣೆಗೆ ಬಂದು ಕೂತವ್ಳೆ!" ಇನ್ನೂ ದೊಡ್ಡ ಸೈಜಿನಲ್ಲಿ ಎರಡು ಪ್ರಿಂಟ್ ಬೇಕೆಂದರು. ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತ ಅತ್ತೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಅಮ್ನೋರ್ನ ತೆಗ್ಸೋದಾ ಫಿಲ್ಟರ್ ಜೊತೆಗೆ?"

ಹೀಗಿತ್ತು ನಮ್ಮ ಸ್ಥಿತಿ, ಕೊಬ್ಬರಿ ಅಂಗಳದ ಕೆಲಸ ಬಂದಾಗ.

ಅಲ್ಲಿನ ಯಜಮಾನರಿಗೆ ತಮ್ಮ ಉಂಡೆ ಕೊಬ್ಬರಿಯ ಪೆಟ್ಟಿಗೆಯ ಮೇಲೆ ಹಾಕಲು ಒಂದು ಫೋಟೋ ಬೇಕಿತ್ತು. ಅಂಗಳದ ಶೆಡ್ಡಿನೊಳಗೆ ಹೆಂಗಸರು ಸಾಲಾಗಿ ಕೂತು ಕೆಲಸ ಮಾಡುವುದು, ಹಿಂದಿನ ದೊಡ್ಡ ಕಿಟಕಿಯಿಂದ ಬೆಳಗಿನ ಬಿಸಿಲು ಸುರಿಯುವುದು. ನೋಡಿದ ಕೂಡಲೇ ನನಗೆ ಹಾಲ್ಕುರಿಕೆಯ ಹಸಿರು ಚುಕ್ಕಿ ನೆನಪಾಯಿತು. ಎದುರು ಬಿಸಿಲಿಗೆ ಆ ಫಿಲ್ಟರ್ ಹಾಕಿ ತೆಗೆದರೆ ಕೊಬ್ಬರಿಯ ಮೇಲೆಲ್ಲ ಅಮ್ಮನವರು ಕೂರುತ್ತಾರೆ ಎಂದೆ. ಅತ್ತೆ ಒಮ್ಮೆ ಫಿಲ್ಟರ್ ಹಾಕಿ ತೆಗೆದು ನೋಡಿದಳು. ಚುಕ್ಕಿ ಒಂದಲ್ಲ, ಮೂರು ಬಂದಿದ್ದವು. ತುಟಿ ಕಚ್ಚಿದಳು. ತೆಗೆದಳು.

"ಇವತ್ತೊಂದಿನ ಕಣೇ. ಏನಾದ್ರೂ ಆಯ್ತು ಅಂದ್ರೆ ನಿನ್ ಚರ್ಮ ಸುಲೀತೀನಿ."

"ಮುಚ್ಚಳ ಹಾಕಿಟ್ಟರೆ ಏನೂ ಆಗಲ್ಲ ಅತ್ತೆ."

ಹೇಳಿದ ಮೇಲೆ ನೆನಪಾಯಿತು, ಆ ಲೆನ್ಸಿನ ಮುಖಕ್ಕೆ ಮುಚ್ಚಳವೇ ಇರಲಿಲ್ಲ. ಫಿಲ್ಟರ್ ಇದೆಯಲ್ಲ ಎಂದು ಅತ್ತೆ ಮುಚ್ಚಳ ಕಳೆದದ್ದರ ಬಗ್ಗೆ ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಬೇರೆ ತರಿಸಬೇಕೆಂದು ನಾನೂ ಯೋಚಿಸಿರಲಿಲ್ಲ. ತಿಂಗಳುಗಟ್ಟಲೆ ವಾದ ಮಾಡಿದವಳಿಗೆ ಒಂದು ಮುಚ್ಚಳ ಹೊಂದಿಸುವುದು ತೋಚಲಿಲ್ಲ. ಈ ತಪ್ಪು ನನ್ನದೇ, ಇದನ್ನು ಯಾರ ಮೇಲೂ ಹಾಕುವುದಿಲ್ಲ.

ಆ ಕೆಲಸ ನೋಡದವರಿಗೆ ಎರಡು ಮಾತು. ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬಿದ್ದಿದ್ದ ಕಾಯಿ ಒಳಗೊಳಗೇ ಒಣಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಗಂಡಸರು ಮಟ್ಟೆ ಸುಲಿದು ಕೊಟ್ಟರೆ ಹೆಂಗಸರು ಕತ್ತಿಯಿಂದ ತಟ್ಟಿ ತಟ್ಟಿ ಕರಟ ಎಬ್ಬಿಸುತ್ತಾರೆ. ಚೂರುಗಳು ಸಿಡಿಯುವುದು ನಿಜ. ಒಳಗಿನ ಕೊಬ್ಬರಿ ಇಡೀ ಉಂಡೆಯಾಗಿ ಹೊರಗೆ ಬರಬೇಕು. ಪೆಟ್ಟು ಒಂದಿಷ್ಟು ಹೆಚ್ಚಾದರೆ ಉಂಡೆ ಹೋಳಾಗುತ್ತದೆ, ಹೋಳಿನ ರಾಶಿ ಬೇರೆ, ಅದರ ಮರ್ಯಾದೆಯೂ ಬೇರೆ. ಹಾಗಾಗಿ ಅಲ್ಲಿ ಒಬ್ಬೊಬ್ಬರಿಗೂ ಅವರವರ ಕೈಯೇ ಹೆಸರು.

ಸಾಲಿನ ತುದಿಯಲ್ಲಿ, ಕಿಟಕಿಗೆ ತೀರ ಹತ್ತಿರ, ಎಲ್ಲರಿಗಿಂತ ಹಿರಿಯರೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದರು. ಯಜಮಾನರು ಅತ್ತೆಗೆ ಅಂಗಳ ತೋರಿಸುತ್ತಾ ಅವರ ಮುಂದೆ ನಿಂತು, ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು: "ಈವಮ್ಮಂದು ಕೈ ಸೋತೈತೆ ಕಣ್ರೀ. ದಿನಾ ನಾಕೈದು ಹೋಳು ಮಾಡ್ತಳೆ. ಹಳಬಳು ಅಂತ ಸುಮ್ಕಿವ್ನಿ. ಇನ್ನೊಂದು ಸಾಮಾನು ಇವಳ ಕೈಲಿ ಕೆಟ್ಟದ್ದು ಕಂಡ್ರೆ ಅವತ್ತೇ ಮನೆಗೆ ಕಳಿಸ್ತೀನಿ."

ಅಜ್ಜಿ ತಲೆ ಎತ್ತಲಿಲ್ಲ. "ಕಳುಸ್ರಪ್ಪಾ. ನಿಮ್ಮಪ್ಪಾರು ನನ್ನ ಇಲ್ಲಿ ಕೂರ್ಸಿದಾಗ ನೀವು ಇದೇ ಕರಟದಾಗೆ ಮಣ್ಣು ತುಂಬ್ಕೊಂಡು ಇಡ್ಲಿ ಹುಯ್ತಿದ್ರಿ."

ಇಡೀ ಸಾಲು ನಕ್ಕಿತು, ಯಜಮಾನರೂ ನಕ್ಕರು. ನಗು ನಿಂತ ಮೇಲೆ ಅಜ್ಜಿಯ ಕತ್ತಿಯ ಸದ್ದು ಮಾತ್ರ ಮೊದಲಿಗಿಂತ ಮೆತ್ತಗಾಗಿತ್ತು. ಪೆಟ್ಟು ಹೆಚ್ಚಾಗದಂತೆ ನೋಡಿಕೊಳ್ಳುತ್ತಿದ್ದರು.

ಫೋಟೋ ಚೆನ್ನಾಗಿ ಬಂತು. ಚೆನ್ನಾಗಿ ಎಂದರೆ ಸಾಲದು. ಬಿಸಿಲು, ಅದರಲ್ಲಿ ತೇಲುವ ನಾರಿನ ಪುಡಿ, ಅಜ್ಜಿಯ ಬೆರಳಿನ ಗೆಣ್ಣುಗಳು, ಒಂದೊಂದೂ ಬಿಡಿಸಿಟ್ಟ ಹಾಗೆ. ಒಂದು ಚುಕ್ಕಿ ಇಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನ ಮುಖ ನೋಡದ ಹಾಗೆ ನೋಡಿಕೊಂಡಳು.

ಆಮೇಲೆ ಯಜಮಾನರು ಹೊರಗೆ ಹುಣಸೆಮರದ ಕೆಳಗೆ ಎಲ್ಲರದ್ದೂ ಒಂದು ಗ್ರೂಪ್ ಫೋಟೋ ಆಗಲಿ ಎಂದರು. ಅದಕ್ಕೆ ಸಣ್ಣ ಲೆನ್ಸ್ ಬೇಕು. ಅತ್ತೆ ದೊಡ್ಡದನ್ನು ಬಿಚ್ಚಿ, ಅವಸರದಲ್ಲಿ ಫಿಲ್ಟರ್ ಮರೆತು, ಹಿಂಬದಿಗೆ ಅದರ ಮುಚ್ಚಳ ಹಾಕಿ, ಟವೆಲ್ ಮೇಲೆ ಗಾಜು ಮೇಲಾಗಿ ನಿಲ್ಲಿಸಿದಳು. ಅಜ್ಜಿ ಏಳಲಿಲ್ಲ. "ಮಂಡಿ ಹಿಡ್ಕೊಂಡೈತೆ ಕಣವ್ವ. ನನ್ ಮಕ ಒಳಗೇ ತಕ್ಕಂಡ್ರಲ್ಲ, ಸಾಕು."

"ಹಂಗಾರೆ ಇದನ್ನ ಒಸಿ ನೋಡ್ಕಳಿ ಅಜ್ಜಿ," ಎಂದು ಅತ್ತೆ ಟವೆಲನ್ನು ಅವರ ಪಕ್ಕಕ್ಕೆ ಸರಿಸಿ ಹೊರಗೆ ಬಂದಳು.

ಹೊರಗೆ ಎಲ್ಲರನ್ನೂ ನಿಲ್ಲಿಸುವಾಗ ಒಬ್ಬಾಕೆ, "ಅಬ್ಬಾ, ಒಳಗೆ ಕುಟ್ಟೋ ಸದ್ದು ನಿಂತು ಕಿವಿ ತಣ್ಣಗಾಯ್ತು ನೋಡು," ಎಂದಳು. ಎಲ್ಲರೂ ನಕ್ಕರು. ಆ ನಗುವಿನ ಮೇಲೇ ಅತ್ತೆ ಕ್ಲಿಕ್ ಮಾಡಿದಳು. ಟೀ ಬಂತು, ಕುಡಿದು ಒಳಗೆ ಹೋದೆವು.

ಅತ್ತೆ ದೊಡ್ಡ ಲೆನ್ಸ್ ಕೈಗೆತ್ತಿಕೊಂಡು ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದೇ ಇದ್ದಳು. ನಾನು ಹತ್ತಿರ ಹೋದೆ. ಗಾಜಿನ ಮುಖದ ತುಂಬ ಗೀರುಗಳು. ಯಜಮಾನರೂ ಬಂದರು. "ಏನಾಯ್ತು?"

ಅತ್ತೆ ಲೆನ್ಸನ್ನು ತಟ್ಟನೆ ಸೆರಗಿನೊಳಗೆ ಇಳಿಸಿದಳು. "ಚೂರು ಸಿಡ್ದು ಬಡಿದೈತೆ. ಫೋಟೋ ತೆಗೆಯೋವಾಗ್ಲೇ ಬಡ್ದಿರ್ಬೇಕು, ನಾ ನೋಡ್ನಿಲ್ಲ. ಎಲ್ಲಾ ಈ ಬಾಯಿಬಡುಕಿಯಿಂದ. ಕಾವಲು ಗಾಜು ತೆಗಿ ತೆಗಿ ಅಂತ ಪ್ರಾಣ ತಿಂದ್ಳು!"

ಇಡೀ ಅಂಗಳ ನನ್ನ ಕಡೆ ತಿರುಗಿತು. ಯಜಮಾನರು ನಾಲಗೆ ಲೊಚಗುಟ್ಟಿ, "ಓದಿದ್ ಹುಡ್ಗೀರ ಮಾತು ಕೇಳಿದ್ರೆ ಹಿಂಗೇಯ," ಎಂದರು. ಚರ್ಚಾಸ್ಪರ್ಧೆಯಲ್ಲಿ ಗಂಟೆ ಹೊಡೆಯುವ ತನಕ ಬಾಯಿ ಮುಚ್ಚದ ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ. ಅತ್ತೆಗೆ ಅದೊಂದೇ ಒಳ್ಳೆಯ ಲೆನ್ಸ್ ಎಂಬುದು ನನಗೆ ಗೊತ್ತಿತ್ತು.

ಕತೆ ಅಲ್ಲಿಂದ ಹೊರಟು ಊರೂರು ಸುತ್ತಿತು.

ಎರಡು ದಿನ ನಾನೂ ಅದನ್ನು ನಂಬಿದೆ. ಮೂರನೆಯ ದಿನ, ಅತ್ತೆ ಊಟಕ್ಕೆ ಹೋದಾಗ ಲೆನ್ಸ್ ತೆಗೆದು ಬೆಳಕಿಗೆ ಹಿಡಿದೆ. ಒಂದು ಚೂರು ಹಾರಿ ಬಡಿದರೆ ಒಂದು ಕಡೆ ಪೆಟ್ಟಿನ ಗುರುತಿರಬೇಕು, ಒಂದು ಗುಳಿ ಅಥವಾ ಒಂದು ಉದ್ದ ಗೀರು. ಇಲ್ಲಿ ಕೂದಲೆಳೆಯಂಥ ಗೀರುಗಳು, ಎಲ್ಲವೂ ಬಾಗಿದವು, ರಾಗಿ ಕಲ್ಲು ತಿರುಗಿದ ಜಾಡಿನ ಹಾಗೆ ಸುತ್ತಲೂ. ಮತ್ತೆ ಫೋಟೋಗಳನ್ನು ತೆರೆದೆ. ಒಳಗೆ ತೆಗೆದದ್ದರಲ್ಲಿ ಕೊನೆಯದೂ ಎದುರು ಬಿಸಿಲಿನದೇ. ಇಷ್ಟು ಗೀರು ಆಗಲೇ ಬಿದ್ದಿದ್ದರೆ ಅದು ಮಂಜು ಮುಸುಕಿದ ಹಾಗೆ ಬರಬೇಕಿತ್ತು. ಅದು ತೊಳೆದಿಟ್ಟಷ್ಟು ಸ್ಪಷ್ಟವಾಗಿತ್ತು. ಅಂದರೆ ಗೀರು ಬಿದ್ದದ್ದು ನಾವು ಹೊರಗಿದ್ದಾಗ. ಹೊರಗಿದ್ದಾಗ ಒಳಗೆ ಕತ್ತಿಯ ಸದ್ದೇ ಇರಲಿಲ್ಲ, ಅದಕ್ಕೇ ಆ ಹೆಂಗಸರು ನಕ್ಕದ್ದು. ತಟ್ಟದೆ ಚೂರು ಎಲ್ಲಿಂದ ಹಾರಬೇಕು?

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಗೆದ್ದೆ ಎನ್ನಿಸಿತು. ಪ್ರಿಂಟುಗಳನ್ನು ತಲುಪಿಸುವ ನೆಪ ಮಾಡಿ ಒಬ್ಬಳೇ ಅಂಗಳಕ್ಕೆ ಹೋದೆ. ಯಾರು ಮುಟ್ಟಿದರು ಎಂದು ಯಜಮಾನರ ಎದುರಿಗೇ ಕೇಳಿ, ಹೆಸರು ತೊಳೆದುಕೊಂಡು ಬರಬೇಕೆಂದು.

ಯಜಮಾನರು ತೂಕದ ಹತ್ತಿರ ಇದ್ದರು. ಪ್ರಿಂಟ್ ನೋಡಿ ತಲೆದೂಗಿದರು. ನಾನು ಅಜ್ಜಿಗೂ ಒಂದು ಕೊಟ್ಟು ಪಕ್ಕದಲ್ಲಿ ಕೂತೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ನನ್ ಕೈ ಇಷ್ಟು ಕೆಟ್ಟೋಗೈತಾ?" ಎಂದು ನಕ್ಕು, ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕತ್ತಿ ಹಿಡಿದರು. ತಟ್ಟಿದರು, ತಿರುಗಿಸಿದರು, ತಟ್ಟಿದರು. ಕರಟ ಬಿಟ್ಟುಕೊಂಡಿತು. ಉಂಡೆ ಇಡಿಯಾಗಿ ಬಂತು. ಮೊದಲ ದಿನ ನಾನು ಕ್ಯಾಮೆರಾ ಹಿಂದೆ ಕೂತು ಬೆಳಕು ನೋಡುತ್ತಿದ್ದೆ, ಇದಾದ ಮೇಲೆ ಅವರು ಏನು ಮಾಡುತ್ತಾರೆಂದು ನೋಡಿರಲಿಲ್ಲ. ತೊಡೆಯ ಮೇಲಿದ್ದ ಗೋಣಿಯ ತುಂಡು ತೆಗೆದು, ಉಂಡೆಯನ್ನು ಎಡಗೈಯಲ್ಲಿ ಹಿಡಿದು, ಗೋಣಿಯಿಂದ ಮೂರು ಸುತ್ತು ತಿರುಗಿಸಿ ಒತ್ತಿ ಒರೆಸಿದರು. ಅಂಟಿದ್ದ ಕರಟದ ಪುಡಿ ಉದುರಿತು. ಉಂಡೆ ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಅಜ್ಜಿಯ ಕಣ್ಣು ಅದರ ಮೇಲೆ ಇರಲೇ ಇಲ್ಲ, ನನ್ನ ಮೇಲಿತ್ತು. ಕೈ ತನ್ನಷ್ಟಕ್ಕೆ ತಾನು ಆ ಕೆಲಸ ಮಾಡುತ್ತಿತ್ತು, ಎಷ್ಟು ವರ್ಷದಿಂದಲೋ.

"ನಿಮ್ಮತ್ತೆ ಗಾಜಿಗೆ ಚೂರು ಬಡೀತಂತಲ್ಲ ಮಗ," ಎಂದರು ಅಜ್ಜಿ. ದನಿಯಲ್ಲಿ ನಿಜವಾದ ಸಂಕಟ. "ಹೊಟ್ಟೆ ಉರೀತು ನಂಗೆ. ನೋಡ್ಕಳಿ ಅಂತ ನಂಬಿ ಕೊಟ್ಟೋಗಿದ್ರು. ಧೂಳು ಕೂತಿತ್ತು ಅಂತ ನಾನೇ ಚೊಕ್ಕಾಗಿ ಒರೆಸಿ ಮಡಗಿದ್ದೆ ಕಣವ್ವ."

ಮೂರು ಮಾರು ದೂರದಲ್ಲಿದ್ದ ಯಜಮಾನರು ತೂಕದ ಕಲ್ಲು ಕೈಯಲ್ಲೇ ಹಿಡಿದು ಈ ಕಡೆ ತಿರುಗಿದರು. "ಏನಂತೆ? ಏನು ಒರೆಸಿದ್ಳಂತೆ?"

ಇದಕ್ಕಿಂತ ಗಟ್ಟಿ ಪುರಾವೆ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಒಂದು ವಾಕ್ಯ ಸಾಕಾಗಿತ್ತು. ಅಜ್ಜಿ ನನ್ನ ಕಡೆ ನೋಡುತ್ತಿದ್ದರು. ತಾವು ಏನು ಹೇಳಿದೆವು ಎಂಬ ಅಂದಾಜೇ ಅವರಿಗಿರಲಿಲ್ಲ.

"ಟವೆಲ್ ಒರೆಸಿಟ್ಟಿದ್ರಂತೆ," ಎಂದೆ. "ಗಾಜಿಗೆ ಬಡಿದದ್ದು ಚೂರೇ ಸಾರ್. ಫಿಲ್ಟರ್ ತೆಗೆಸಿದ್ದು ನಾನೇ."

"ಅದನ್ನ ಈಗ ಒಪ್ಕಂಡ್ಯಲ್ಲ, ಸಾಕು ಬುಡು," ಎಂದು ಯಜಮಾನರು ಕಲ್ಲು ಇಟ್ಟರು. ಅಜ್ಜಿ ಏನೋ ಹೇಳಲು ಹೊರಟರು, ನಾನು ಅವರ ಮಂಡಿನೋವಿನ ವಿಚಾರ ಎತ್ತಿದೆ. ಅದು ಬೇಗ ಮುಗಿಯುವ ವಿಚಾರವಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಜೊತೆ ನಾನೇ ವಾದ ಮಾಡಿಕೊಂಡೆ. ಫಿಲ್ಟರ್ ಇದ್ದಿದ್ದರೆ ಆ ಗೀರು ಫಿಲ್ಟರಿನ ಮೇಲೆ ಬೀಳುತ್ತಿತ್ತು. ಇದನ್ನು ಒಪ್ಪದಿದ್ದರೆ ನಾನು ಮೋಸಗಾರ್ತಿ. ಫಿಲ್ಟರ್ ಇದ್ದಿದ್ದರೆ ಆ ಫೋಟೋ ಬರುತ್ತಿರಲಿಲ್ಲ. ಇದನ್ನು ಬಿಟ್ಟುಕೊಡುವುದಕ್ಕೂ ನಾನು ತಯಾರಿಲ್ಲ. ಆದರೆ ತಲೆ ಕೊರೆಯುತ್ತಿದ್ದದ್ದು ಇದ್ಯಾವುದೂ ಅಲ್ಲ. ಹುಟ್ಟಿದಾಗಿನಿಂದ ಕೊಬ್ಬರಿ ಮನೆಯಲ್ಲಿ ಬೆಳೆದವಳು ಅತ್ತೆ. ಮದುವೆಗೆ ಮುಂಚೆ ಅವಳೂ ಗೋಣಿ ತುಂಡು ಹಿಡಿದು ಉಂಡೆ ಒರೆಸಿದವಳು. ಮೂರು ದಿನ ತೆಗೆದುಕೊಂಡು ನಾನು ಓದಿದ ಆ ಸುತ್ತು ಗೀರನ್ನು ಅವಳು ಕಿಟಕಿಯ ಬೆಳಕಿನಲ್ಲಿ ಎಷ್ಟು ಹೊತ್ತಿನಲ್ಲಿ ಓದಿದ್ದಾಳು?

ಸ್ಟುಡಿಯೋದಲ್ಲಿ ಅತ್ತೆ ಒಬ್ಬಳೇ ಇದ್ದಳು. ಗೀರು ಬಿದ್ದ ಲೆನ್ಸನ್ನೇ ಕ್ಯಾಮೆರಾಗೆ ಹಾಕಿ, ಒಳಗಿನ ಮೆತ್ತನೆಯ ಬೆಳಕಿನಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದಕ್ಕೆ ನಡೆಯುತ್ತದೆ ಎಂದು ಆ ಹೊತ್ತಿಗೆ ಅವಳೇ ಕಂಡುಕೊಂಡಿದ್ದಳು. ನಾನು ಹೇಳಿದ್ದೆ ಎಂದು ಮಾತ್ರ ಒಪ್ಪಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಹೇಳಿದೆ, ಅಜ್ಜಿ ಒರೆಸಿದ್ದು, ಯಜಮಾನರು ಕೇಳಿದ್ದು, ನಾನು ಸುಳ್ಳು ಹೇಳಿದ್ದು, ಎಲ್ಲ.

ಅತ್ತೆ ಆಶ್ಚರ್ಯ ಪಡಲಿಲ್ಲ. ಸ್ಟೂಲ್ ಮೇಲಿನ ಧೂಳು ಕೊಡವಿ, ಹಿಂದಿನ ನೀಲಿ ಪರದೆಯ ಸುಕ್ಕು ಎಳೆದು ಸರಿ ಮಾಡತೊಡಗಿದಳು. "ಊಟ ಮಾಡ್ದಾ?" ಎಂದಳು.

"ನಾನು ಕೇಳೋದು ಒಂದೇ ಅತ್ತೆ. ಅವತ್ತು ನೋಡಿದ ಕೂಡ್ಲೇ ನಿನಗೆ ಗೊತ್ತಾಗಿತ್ತು, ಅಜ್ಜಿ ಕೆಲ್ಸ ಉಳೀಲಿ ಅಂತ ನೀನು ನನ್ನ ಹೆಸರು ಹೇಳಿದೆ. ಆಯ್ತು, ಬೇಜಾರಿಲ್ಲ. ಆದ್ರೆ ಅವತ್ತು ನಾನು ನಿನ್ನ ಜೊತೆ ಬರದೇ ಇದ್ದಿದ್ರೆ, ಯಜಮಾನ್ರು ಹಂಗೆ ಎದುರಿಗೆ ನಿಂತು ಕೇಳಿದಾಗ, ನೀನು ಯಾರ ಹೆಸರು ಹೇಳ್ತಿದ್ದೆ?"